ಸ್ವಯಂಚಾಲಿತ ಗೇರುಪೆಟ್ಟಿಗೆಗೆ ಹೊರಗಿನ ಆಯಿಲ್ ಕೂಲರ್: ಒಂದು ವಿವೇಚನೆ

ಮೋಟಾರು ವಾಹನದ ಸ್ವಯಂಚಾಲಿತ ಗೇರುಪೆಟ್ಟಿಗೆಗೆ ಕಾರ್ಖಾನೆಯವರು ಒದಗಿಸಿದ ಶೈತ್ಯವ್ಯವಸ್ಥೆ ಸಾಲದೆಂದು ಬಗೆದು, ರೇಡಿಯೇಟರಿನ ಮುಂದುಗಡೆ ಪ್ರತ್ಯೇಕವಾದ ಆಯಿಲ್ ಕೂಲರೊಂದನ್ನು ಜೋಡಿಸಿಕೊಳ್ಳುವ ಪದ್ಧತಿಯು, ಭಾರವಾದ ಟ್ರೇಲರುಗಳನ್ನು ಎಳೆದೊಯ್ಯುವ ಅಭ್ಯಾಸವುಳ್ಳ ಅಮೆರಿಕ ದೇಶದಲ್ಲಿ ಬಹುಕಾಲದಿಂದ ರೂಢವಾಗಿದೆ. ಅಲ್ಲಿಯ ಅಂಗಡಿಗಳಲ್ಲಿ ಈ ಕೂಲರುಗಳನ್ನು ವಾಹನದ ತೂಕದ ಲೆಕ್ಕದಲ್ಲಿ, ಇಂತಿಷ್ಟು ಪೌಂಡಿಗೆ ಇಂಥದು ಎಂದು ಮಾರುತ್ತಾರೆ. ದೊಡ್ಡದಾದಷ್ಟೂ ಲೇಸೆಂಬುದು ಕೊಳ್ಳುವವರ ಸಾಮಾನ್ಯ ತಿಳಿವಳಿಕೆ. ಆದರೆ ಎಣ್ಣೆಯ ಹಾದಿಯನ್ನು ಮೊದಲಿಂದ ಕಡೆಯವರೆಗೆ ಅನುಸರಿಸಿ ನೋಡಿದವರಿಗೆ, ಕೂಲರೆಂಬುದು ಶಾಖವನ್ನು ಹೊರಹಾಕುವ ಸಾಧನವಾಗುವುದಕ್ಕೆ ಮುನ್ನ ಗೇರುಪೆಟ್ಟಿಗೆಯ ಸ್ನೇಹನಮಾರ್ಗದ ಒಂದು ಅಂಗವೆಂಬುದೂ, ಆದಕಾರಣ ಅದರೊಳಗೆ ಹರಿಯುವ ಎಣ್ಣೆಯ ಪ್ರಮಾಣ ಮತ್ತು ಅದರಿಂದ ಮರಳುವ ಎಣ್ಣೆಯ ಉಷ್ಣತೆ ಇವೆರಡೇ ಅದರ ಯೋಗ್ಯತೆಯ ಅಳತೆಗೋಲೆಂಬುದೂ ಮನದಟ್ಟಾಗುತ್ತದೆ.

ಶಾಖ ಹುಟ್ಟುವ ಮುಖ್ಯ ಸ್ಥಾನ ಟಾರ್ಕ್ ಕನ್ವರ್ಟರ್. ಜರ್ಮನಿಯ ಹರ್ಮನ್ ಫೋಟಿಂಗರ್ ಎಂಬ ಇಂಜಿನಿಯರು 1905ರಲ್ಲಿ ಪೇಟೆಂಟ್ ಪಡೆದ ಈ ಯಂತ್ರವು ಹಡಗುಗಳ ನೋದನಕ್ಕಾಗಿ ಕಲ್ಪಿತವಾದದ್ದು. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳೊಡನೆ ಬಂದ ಹೈಡ್ರಾಮ್ಯಾಟಿಕ್ ಪೆಟ್ಟಿಗೆಯಲ್ಲಿ ಇದ್ದದ್ದು ಸರಳವಾದ ದ್ರವಸಂಯೋಜಕ ಮಾತ್ರ. 1948ರ ಬ್ಯೂಕ್ ಡೈನಾಫ್ಲೋದೊಂದಿಗೆ ಟಾರ್ಕ್ ಕನ್ವರ್ಟರು ಪ್ರಯಾಣಿಕರ ಕಾರನ್ನು ಪ್ರವೇಶಿಸಿತು. ಎಂಜಿನ್ನಿಗೆ ಹೊಂದಿಕೊಂಡ ಒಂದು ಚಕ್ರವು ಎಣ್ಣೆಯನ್ನು ಎಸೆಯುತ್ತದೆ, ಗೇರುಗಳಿಗೆ ಹೊಂದಿಕೊಂಡ ಇನ್ನೊಂದು ಅದನ್ನು ಎದುರುಗೊಂಡು ತಿರುಗುತ್ತದೆ; ಇವೆರಡರ ವೇಗಗಳಲ್ಲಿ ಅಂತರವಿರುವವರೆಗೂ ಎಂಜಿನ್ನಿನ ಶಕ್ತಿಯ ಒಂದು ಭಾಗ ಚಲನೆಯಾಗದೆ ಎಣ್ಣೆಯ ಶಾಖವಾಗಿ ಪರಿಣಮಿಸುತ್ತದೆ. ಬ್ರೇಕು ಹಿಡಿದು ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿದ ಸ್ಥಿತಿಯಲ್ಲಂತೂ ಆ ಶಕ್ತಿಯೆಲ್ಲವೂ ಶಾಖವೇ. 1949ರ ಪ್ಯಾಕರ್ಡ್ ಅಲ್ಟ್ರಾಮ್ಯಾಟಿಕ್‌ನಲ್ಲಿ ಅಳವಟ್ಟ ಲಾಕಪ್ ಕ್ಲಚ್ಚು ಇವೆರಡು ಚಕ್ರಗಳನ್ನು ಒಂದಾಗಿ ಬಿಗಿದು ಜಾರುವಿಕೆಯನ್ನೇ ನಿವಾರಿಸಿತು. ನನ್ನ ಮತದಲ್ಲಿ, ಯಾವ ಕೂಲರಿಗಿಂತಲೂ ಮಿಗಿಲಾದ ಶೈತ್ಯೋಪಾಯ ಇದೇ. ಏಕೆಂದರೆ ಹುಟ್ಟದ ಶಾಖವನ್ನು ಹೊರಗೆ ಹಾಕಬೇಕಾದ ಪ್ರಮೇಯವೇ ಇಲ್ಲ.

ಪ್ರಮಾಣದ ಅಂದಾಜಿಗೆ ಅರಿಜೋನಾ ಸಂಸ್ಥಾನದ ಡೇವಿಸ್ ಡ್ಯಾಮ್ ಏರನ್ನು ತೆಗೆದುಕೊಳ್ಳಬಹುದು. ಕೊಲರಾಡೊ ನದಿಯ ದಂಡೆಯಿಂದ ಹೊರಟ 68ನೆಯ ಹೆದ್ದಾರಿಯು ಬೋಳುಗುಡ್ಡಗಳ ನಡುವೆ ಸುಮಾರು 18 ಕಿಲೋಮೀಟರಿನಲ್ಲಿ ಸುಮಾರು 900 ಮೀಟರು ಎತ್ತರವನ್ನು ಏರುತ್ತದೆ. ಟ್ರೇಲರ್ ಎಳೆಯುವ ಸಾಮರ್ಥ್ಯವನ್ನು ಗೊತ್ತುಮಾಡಲು 2008ರಲ್ಲಿ ಪ್ರಕಟವಾದ ಎಸ್‌ಎಇ ಜೆ2807 ಮಾನಕವು ಈ ಏರನ್ನೇ ಪರೀಕ್ಷಾಸ್ಥಾನವಾಗಿ ಅಂಗೀಕರಿಸಿ, 38 ಡಿಗ್ರಿ ಸೆಲ್ಸಿಯಸ್ಸಿಗೆ ಕಡಿಮೆಯಿಲ್ಲದ ಬಿಸಿಲಿನಲ್ಲಿ, ಏರ್ ಕಂಡಿಷನರನ್ನು ಪೂರ್ತಿ ನಡೆಸುತ್ತ, ಸಾಮಾನ್ಯ ಪಿಕಪ್ ವಾಹನವು ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗಿಳಿಯದೆ ಮೇಲೇರತಕ್ಕದ್ದೆಂದು ವಿಧಿಸುತ್ತದೆ. ವಾಹನವೂ ಟ್ರೇಲರೂ ಕೂಡಿ 5,500 ಕಿಲೋಗ್ರಾಂ ತೂಗುವುವೆಂದು ಭಾವಿಸಿದರೆ, ಈ ಏರನ್ನು 17 ನಿಮಿಷಗಳಲ್ಲಿ ಹತ್ತಲು ಗುರುತ್ವದ ವಿರುದ್ಧವೇ ಸುಮಾರು 48 ಕಿಲೋವ್ಯಾಟ್ ಬೇಕು. ಗಾಳಿಯ ಮತ್ತು ಟೈರುಗಳ ಪ್ರತಿರೋಧವನ್ನೂ ಸೇರಿಸಿ ಎಂಜಿನ್ನು 75 ಕಿಲೋವ್ಯಾಟ್ ಒದಗಿಸುತ್ತದೆಂದೂ, ಲಾಕಪ್ ಹಿಡಿಯದೆ ಕನ್ವರ್ಟರು ಅದರಲ್ಲಿ ನೂರಕ್ಕೆ 15 ಭಾಗವನ್ನು ಕಳೆಯುತ್ತದೆಂದೂ ಇಟ್ಟುಕೊಂಡರೆ, ಎಣ್ಣೆಗೆ ಸೇರುವ ಶಾಖ ಸುಮಾರು 11 ಕಿಲೋವ್ಯಾಟ್. ನಿಮಿಷಕ್ಕೆ 8 ಲೀಟರು ಎಣ್ಣೆ ಹರಿಯುತ್ತಿದ್ದರೆ, ಅದರ ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳ ಲೆಕ್ಕದಂತೆ, ಕನ್ವರ್ಟರನ್ನು ಹಾಯುವಷ್ಟರಲ್ಲಿ ಅದರ ಉಷ್ಣತೆ ಸುಮಾರು 48 ಡಿಗ್ರಿ ಏರುತ್ತದೆ: 90 ಡಿಗ್ರಿಯಲ್ಲಿ ಒಳಹೊಕ್ಕ ಎಣ್ಣೆ 138ರಲ್ಲಿ ಹೊರಬೀಳುತ್ತದೆ.

ಕಾರ್ಖಾನೆಯ ಮೂಲಕೂಲರು ಸಾಧಾರಣವಾಗಿ ರೇಡಿಯೇಟರಿನ ತೊಟ್ಟಿಯಲ್ಲಿ, ಎಂಜಿನ್ನಿನ ನೀರಿನಲ್ಲಿ ಮುಳುಗಿರುತ್ತದೆ. ಇಂತಹ ಏರಿನಲ್ಲಿ ಆ ನೀರೇ 100 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, 138 ಡಿಗ್ರಿಯ ಎಣ್ಣೆಗೂ ಅದಕ್ಕೂ ಇರುವ ಅಂತರ 38 ಡಿಗ್ರಿ ಮಾತ್ರ. ಹೊರಗಿನ 40 ಡಿಗ್ರಿಯ ಗಾಳಿಯೊಡನೆ ಇರುವ ಅಂತರವಾದರೋ 98. ಗಾಳಿ ನೀರಿನಷ್ಟು ಸಮರ್ಥವಾಗಿ ಶಾಖವನ್ನು ಒಯ್ಯಲಾರದೆಂಬುದು ನಿಜ, ಅದಕ್ಕಾಗಿಯೇ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಹೆಣೆದು ಮೈಯನ್ನು ವಿಸ್ತರಿಸಿರುತ್ತಾರೆ. ಆದರೆ ನೀರಿನಲ್ಲಿ ಮುಳುಗಿದ ಕೂಲರು ಎಣ್ಣೆಯನ್ನು ನೀರಿಗಿಂತ ತಣ್ಣಗೆ ಮಾಡಲು ಎಂದಿಗೂ ಸಾಧ್ಯವಿಲ್ಲ. ಆದುದರಿಂದ ಎಣ್ಣೆ ಮೊದಲು ರೇಡಿಯೇಟರನ್ನೂ ಅನಂತರ ಹೊರಗಿನ ಕೂಲರನ್ನೂ ಹಾದು ಮರಳುವ ಕ್ರಮವೇ ಯುಕ್ತ. ಇದನ್ನು ತಿರುಗುಮುರುಗು ಮಾಡಿದರೆ ಗಾಳಿ ತಣಿಸಿದ ಎಣ್ಣೆಯನ್ನು ನೀರು ಮತ್ತೆ ಕಾಯಿಸುತ್ತದೆ. ಹಿಮ ಬೀಳುವ ನಾಡಿನಲ್ಲಿ ಕೆಲವರು ಈ ವಿಪರ್ಯಯವನ್ನೇ ಬಯಸುವುದೂ ಉಂಟು.

ಕನ್ವರ್ಟರಿನಿಂದ ಹೊರಟು ಕೂಲರನ್ನು ಹಾದುಬಂದ ಎಣ್ಣೆ ಹೆಚ್ಚಿನ ಪೆಟ್ಟಿಗೆಗಳಲ್ಲಿ ನೇರವಾಗಿ ತಳದ ತೊಟ್ಟಿಗೆ ಬೀಳುವುದಿಲ್ಲವೆಂಬ ಸಂಗತಿಯನ್ನು ಕೂಲರು ಕೊಳ್ಳುವವರಲ್ಲಿ ಬಹುಮಂದಿ ಗಮನಿಸುವುದಿಲ್ಲ. ಗ್ರಹಗೇರುಗಳಿಗೂ ಬುಶ್ಶುಗಳಿಗೂ ಬೇರಿಂಗುಗಳಿಗೂ ಸ್ನೇಹನವಾಗುವುದು ಆ ಮರಳುವ ಎಣ್ಣೆಯಿಂದಲೇ. ಕೂಲರಿನ ಕೊಳವೆ ಇಕ್ಕಟ್ಟಾದರೆ, ರಬ್ಬರಿನ ಹೋಸು ಬಾಗುವಲ್ಲಿ ಮಡಿಚಿಕೊಂಡರೆ, ಅಥವಾ ಹಿಂದೆ ಸುಟ್ಟುಹೋದ ಕ್ಲಚ್ಚಿನ ಪುಡಿ ಅದರೊಳಗೆ ಕೂತಿದ್ದರೆ, ತಣ್ಣನೆಯ ಎಣ್ಣೆ ಬರುತ್ತಿದ್ದರೂ ಗೇರುಗಳು ಒಣಗುತ್ತವೆ. ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಿದ ಮೇಲೆ ಹಳೆಯ ಕೂಲರನ್ನು ಚೆನ್ನಾಗಿ ತೊಳೆಯದೆ ಮರಳಿ ಜೋಡಿಸಬಾರದೆಂದು ಅನುಭವಸ್ಥ ಮೆಕ್ಯಾನಿಕರು ಪಟ್ಟುಹಿಡಿಯುವುದು ಈ ಕಾರಣಕ್ಕೆ. ಚಳಿಯಲ್ಲಿ ಎಣ್ಣೆಯ ಸ್ನಿಗ್ಧತೆ ಹೆಚ್ಚಿ, ಸಣ್ಣ ಕೊಳವೆಗಳಲ್ಲಿ ಅದು ಹರಿಯಲಾರದೆ ನಿಲ್ಲುವ ಅಪಾಯವೂ ಇದೆ. ಒತ್ತಡ ಏರಿದಾಗ ಎಣ್ಣೆಗೆ ಅಡ್ಡದಾರಿ ಬಿಡುವ ಕವಾಟವನ್ನಾಗಲಿ, ಉಷ್ಣತೆಯನ್ನು ಅರಿತು ತೆರೆಯುವ ಥರ್ಮೋಸ್ಟಾಟನ್ನಾಗಲಿ ಅಳವಡಿಸುವುದು ಅಲ್ಲಿ ಅಗತ್ಯ. ಬೇಕಾದುದಕ್ಕಿಂತ ತಣ್ಣಗಿರುವ ಎಣ್ಣೆಯಲ್ಲಿ ಗೇರು ಬದಲಾವಣೆ ಜಡವಾಗುತ್ತದೆ. ಈಗಿನ ವಾಹನಗಳ ಕಂಪ್ಯೂಟರು ಲಾಕಪ್ಪನ್ನೇ ತಡೆಹಿಡಿಯುವುದರಿಂದ ಅತಿಶೈತ್ಯವು ಪ್ರಕಾರಾಂತರದಿಂದ ಶಾಖವನ್ನು ಹೆಚ್ಚಿಸಿದಂತೆಯೂ ಆಗುತ್ತದೆ.

ಎಣ್ಣೆಯ ಆಯುಷ್ಯವು ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನಿಂದಾಚೆಗೆ ಪ್ರತಿ 11 ಡಿಗ್ರಿಗೆ ಅರ್ಧವಾಗುತ್ತದೆಂಬ ಕೋಷ್ಟಕವೊಂದು ಅಮೆರಿಕದ ಗ್ಯಾರೇಜುಗಳ ಗೋಡೆಗಳಲ್ಲಿ ತೂಗುವುದುಂಟು. ಉಷ್ಣತೆಯೊಡನೆ ಉತ್ಕರ್ಷಣದ ವೇಗ ಹೆಚ್ಚುವ ಕ್ರಮಕ್ಕೆ ಅದು ಸ್ಥೂಲವಾಗಿ ಒಪ್ಪುತ್ತದೆ. ಆದರೆ ಖನಿಜತೈಲಗಳ ಕಾಲದ ಆ ಗಣನೆಯನ್ನು ಇಂದಿನ ಸಂಶ್ಲೇಷಿತ ತೈಲಗಳಿಗೆ ಅಕ್ಷರಶಃ ಅನ್ವಯಿಸುವುದು ಸಾಧುವಲ್ಲ. ಆ ಹಳೆಯ ತೈಲಗಳಲ್ಲಿ ಕ್ಲಚ್ಚಿನ ಘರ್ಷಣೆಯನ್ನು ಹದಗೊಳಿಸಲು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದ ಆದಿಯಲ್ಲಿ ಅಮೆರಿಕವು ಅದನ್ನು ನಿಷೇಧಿಸಿದ ಮೇಲೆ ರಸಾಯನಜ್ಞರು ಬೇರೆ ದಾರಿ ಹುಡುಕಬೇಕಾಯಿತು.

ರೇಡಿಯೇಟರಿನ ಕೂಲರನ್ನು ಪೂರ್ತಿಯಾಗಿ ಬಿಟ್ಟುಬಿಟ್ಟು ಹೊರಗಿನದನ್ನೇ ನೆಚ್ಚುವವರ ಪಕ್ಷದಲ್ಲಿಯೂ ಒಂದು ಗಟ್ಟಿಯಾದ ಯುಕ್ತಿ ಇದೆ. 2005ರಿಂದ 2010ರವರೆಗಿನ ಕೆಲವು ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ ಮತ್ತು ಫ್ರಾಂಟಿಯರ್ ವಾಹನಗಳಲ್ಲಿ ತೊಟ್ಟಿಯೊಳಗಿನ ಕೂಲರು ಒಡೆದು, ಎಂಜಿನ್ನಿನ ಗ್ಲೈಕಾಲ್ ಮಿಶ್ರಿತ ನೀರು ಗೇರೆಣ್ಣೆಯೊಡನೆ ಬೆರೆತು, ವ್ಯಾಜ್ಯವು ನ್ಯಾಯಾಲಯದವರೆಗೆ ಹೋಗಿ, ಕಂಪನಿಯವರು ಖಾತರಿಯ ಅವಧಿಯನ್ನು ವಿಸ್ತರಿಸಬೇಕಾಯಿತು. ಗ್ಲೈಕಾಲು ಕ್ಲಚ್ಚಿನ ಕಾಗದದಂತಹ ಪದರವನ್ನು ಉಕ್ಕಿನ ತಟ್ಟೆಗೆ ಹಿಡಿದಿಟ್ಟ ಅಂಟನ್ನು ಸಡಿಲಿಸುತ್ತದೆ. ಕೆನೆಗಟ್ಟಿದ ನಸುಗೆಂಪು ನೊರೆ ಅಳತೆಕಡ್ಡಿಯ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಪೆಟ್ಟಿಗೆ ಬಹುಪಾಲು ಕೈಬಿಟ್ಟಂತೆಯೇ. ಚಳಿಯಿಲ್ಲದ ಸೀಮೆಯಲ್ಲಿ, ಥರ್ಮೋಸ್ಟಾಟಿನ ಸಹಾಯವೂ ಇರುವಾಗ, ಈ ಪಕ್ಷವನ್ನು ಅಲ್ಲಗಳೆಯಲು ನನಗೆ ಕಾರಣ ತೋರದು.

ಯಾವ ಕ್ರಮವನ್ನು ಹಿಡಿದರೂ ಉಷ್ಣತೆಯನ್ನು ಎಲ್ಲಿ ಅಳೆಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕನ್ವರ್ಟರಿನಿಂದ ಹೊರಬೀಳುವ ಕೊಳವೆಯಲ್ಲಿಟ್ಟ ಮಾಪಕ ಮೇಲಿನ ಲೆಕ್ಕದ ಏರಿನಲ್ಲಿ 138ನ್ನು ತೋರಿಸಿ ಚಾಲಕನನ್ನು ಗಾಬರಿಗೊಳಿಸಬಹುದು, ಅದೇ ಕ್ಷಣದಲ್ಲಿ ತಳದ ತೊಟ್ಟಿಯಲ್ಲಿಟ್ಟದ್ದು 90ನ್ನು ತೋರಿಸುತ್ತಿರಬಹುದು. ಇಬ್ಬರು ತಮ್ಮ ತಮ್ಮ ಕೂಲರುಗಳ ಗುಣವನ್ನು ಹೋಲಿಸಿ ವಾದಿಸುವಾಗ ಬಹಳ ಸಲ ಅವರು ಹೋಲಿಸುತ್ತಿರುವುದು ಈ ಎರಡು ಸ್ಥಾನಗಳನ್ನು.