ಸಂಬಳವಿಲ್ಲದ ಕರವಸೂಲಿ: ವಿವಿಯನ್ ಕೆಲ್ಲಮ್ಸ್ ಹೂಡಿದ ಜಗಳ

ಸಂಬಳ ಎಷ್ಟು ಬರುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಹೇಳುವ ಮನಸ್ಸಿದ್ದರೆ, ‘ಕೈಗೆ ಬರೋದು ಇಷ್ಟು’ ಎನ್ನುತ್ತಾರೆ. ತೆರಿಗೆಗೆಂದು ತಿಂಗಳಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಎಂದು ಕೇಳಿದರೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ನನಗೂ ಹಾಗೆಯೇ. ಪುಣೆ ಇರಲಿ, ಚೆನ್ನೈ ಇರಲಿ, ಹೈದರಾಬಾದ್ ಇರಲಿ, ಸಂಬಳದಾರರಾದ ನಾವು ಟಿಡಿಎಸ್ ಎಂಬ ಮೂರಕ್ಷರಕ್ಕೆ ಎಷ್ಟು ಒಗ್ಗಿಹೋಗಿದ್ದೇವೆ ಎಂದರೆ, ಆ ಹಣ ಒಂದು ಕಾಲಕ್ಕೆ ನಮ್ಮದಾಗಿತ್ತು ಎಂಬುದೇ ನೆನಪಿರುವುದಿಲ್ಲ. ವರ್ಷಕ್ಕೊಮ್ಮೆ ಫಾರ್ಮ್ 16 ಬಂದಾಗ ಒಟ್ಟು ಮೊತ್ತ ನೋಡಿ ‘ಅಬ್ಬಾ’ ಎನ್ನುತ್ತೇವೆ, ಮರೆಯುತ್ತೇವೆ.

ಈ ಮರೆವೇ ಅಪಾಯ ಎಂದು ನಂಬಿ, ಅದಕ್ಕಾಗಿ ತಮ್ಮ ದೇಶದ ಸರ್ಕಾರದ ಮೇಲೆ ಜಗಳಕ್ಕೆ ನಿಂತ ಒಬ್ಬ ಅಮೆರಿಕನ್ ಮಹಿಳೆಯ ಕಥೆ ಇದು. ಹೆಸರು ವಿವಿಯನ್ ಕೆಲ್ಲಮ್ಸ್. ಕಾರ್ಖಾನೆಯ ಒಡತಿ, ರಿಪಬ್ಲಿಕನ್ ಪಕ್ಷದವರು, ಎಲ್ಲ ಅರ್ಥದಲ್ಲೂ ಸಂಪ್ರದಾಯವಾದಿ. ಪ್ರತಿಭಟನೆ ಎಂದೊಡನೆ ನಮ್ಮ ಕಣ್ಣಿಗೆ ಬರುವ ವಿದ್ಯಾರ್ಥಿ, ಕಾರ್ಮಿಕ, ಕೆಂಬಾವುಟ ಇವ್ಯಾವುದಕ್ಕೂ ಅವರಿಗೂ ಸಂಬಂಧವಿಲ್ಲ. ಆದರೂ ಕಾನೂನನ್ನು ಬಹಿರಂಗವಾಗಿ ಮುರಿದರು, ಕೋರ್ಟು ಹತ್ತಿದರು, ಮತಗಟ್ಟೆಯಲ್ಲಿ ಧರಣಿ ಕೂತರು. ನಾನು ಅವರ ರಾಜಕೀಯದ ಬಹುಪಾಲನ್ನು ಒಪ್ಪುವವನಲ್ಲ. ಆದರೂ ಅವರನ್ನು ಓದಿದ ಮೇಲೆ ನನ್ನ ಸಂಬಳದ ಚೀಟಿಯನ್ನು ಮೊದಲಿನಂತೆ ನೋಡಲಾಗಲಿಲ್ಲ.

ಕೆಲ್ಲಮ್ಸ್ ಹುಟ್ಟಿದ್ದು 1896ರಲ್ಲಿ, ಅಯೋವಾ ರಾಜ್ಯದ ಡೆ ಮಾಯ್ನ್‌ನಲ್ಲಿ. ಬೆಳೆದದ್ದು, ಓದಿದ್ದು ಪಶ್ಚಿಮದ ಆರೆಗನ್‌ನಲ್ಲಿ. ಅಣ್ಣತಮ್ಮಂದಿರ ನಡುವೆ ಬೆಳೆದ ಹುಡುಗಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಗೀಳು. ಅವರ ಸಹೋದರನೊಬ್ಬ ವಿದ್ಯುತ್ ಕೇಬಲ್ ಎಳೆಯುವ ಹಿಡಿಕೆಯೊಂದನ್ನು ಸುಧಾರಿಸಿದ್ದ. ಉಕ್ಕಿನ ತಂತಿಯನ್ನು ಬುಟ್ಟಿಯಂತೆ ಹೆಣೆದ ಕೊಳವೆ ಅದು. ಕೇಬಲ್ಲಿನ ತುದಿಗೆ ತೊಡಿಸಿ ಎಳೆದರೆ, ಎಳೆದಷ್ಟೂ ಬಿಗಿಯಾಗುತ್ತದೆ. ಸಡಿಲ ಬಿಟ್ಟರೆ ಕಳಚಿಕೊಳ್ಳುತ್ತದೆ. ಇದನ್ನೇ ಬಂಡವಾಳ ಮಾಡಿಕೊಂಡು 1927ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಕೆಲ್ಲಮ್ಸ್ ಕಂಪನಿ ಶುರುವಾಯಿತು. ಎಂಜಿನಿಯರುಗಳೆಲ್ಲ ಗಂಡಸರೇ ಆಗಿದ್ದ ಕಾಲದಲ್ಲಿ ಈಕೆ ತಾವೇ ಹೋಗಿ ಸರಕು ಮಾರಿದರು. ಎರಡನೇ ಮಹಾಯುದ್ಧದಲ್ಲಿ ಫಿರಂಗಿಯ ಗುಂಡುಗಳನ್ನು ಎತ್ತಲಿಕ್ಕೂ ಇವೇ ಹಿಡಿಕೆಗಳು ಬಳಕೆಯಾದವು. ದುಡಿದು ಗಳಿಸಬೇಕು, ಸಾಲ ಮಾಡಬಾರದು, ಯಾರ ಹಂಗಿನಲ್ಲೂ ಇರಬಾರದು. ಅವರ ಬದುಕಿನ ನಂಬಿಕೆಗಳು ಇಷ್ಟೇ. ಸರ್ಕಾರ ಚಿಕ್ಕದಾಗಿರಬೇಕು ಎಂಬ ರಾಜಕೀಯ ನಂಬಿಕೆ ಇದರಿಂದಲೇ ಹುಟ್ಟಿತು.

ಈಗ ಜಗಳದ ಮೂಲಕ್ಕೆ ಬರೋಣ. ಯುದ್ಧಕ್ಕೆ ಮುಂಚೆ ಆದಾಯ ತೆರಿಗೆ ಅಮೆರಿಕದಲ್ಲಿ ಉಳ್ಳವರ ತಲೆನೋವಾಗಿತ್ತು. 1939ರಲ್ಲಿ ತೆರಿಗೆ ಕಟ್ಟುತ್ತಿದ್ದವರು ಸುಮಾರು 40 ಲಕ್ಷ ಜನ. ಯುದ್ಧದ ಖರ್ಚಿಗಾಗಿ ವಿನಾಯಿತಿ ಮಿತಿಯನ್ನು ಇಳಿಸಿದರು. 1945ರ ಹೊತ್ತಿಗೆ ಆ ಸಂಖ್ಯೆ 4 ಕೋಟಿ ದಾಟಿತು. ಹಿಂದಿನ ವರ್ಷದ ಗಳಿಕೆಗೆ ಈ ವರ್ಷ ಕಂತಿನಲ್ಲಿ ತೆರಿಗೆ ಕಟ್ಟುವುದು ಆಗಿನ ರೂಢಿ. ಕೂಲಿಯವನು ಹೋದ ವರ್ಷದ ಸಂಬಳವನ್ನು ಹೋದ ವರ್ಷವೇ ಉಂಡು ಮುಗಿಸಿರುತ್ತಾನೆ, ಕಟ್ಟುವುದು ಎಲ್ಲಿಂದ? ನ್ಯೂಯಾರ್ಕಿನ ಮೇಸೀಸ್ ಅಂಗಡಿಯ ಖಜಾಂಚಿಯಾಗಿದ್ದ ಬಿಯರ್ಡ್‌ಸ್ಲಿ ರೂಮಲ್ ಎಂಬವರು, ಗಳಿಸುವಾಗಲೇ ಕಟ್ಟುವ ವ್ಯವಸ್ಥೆಯ ಪರವಾಗಿ ದೊಡ್ಡ ಪ್ರಚಾರ ನಡೆಸಿದರು. ಹಳೆಯ ಬಾಕಿಯೂ ಹೊಸ ತೆರಿಗೆಯೂ ಒಟ್ಟಿಗೆ ಬೀಳದಂತೆ ಒಂದು ವರ್ಷದ ತೆರಿಗೆಯ ಬಹುಪಾಲನ್ನು ಮನ್ನಾ ಮಾಡಿ, 1943ರ ಜುಲೈನಿಂದ ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ಕಾನೂನು ಜಾರಿಗೆ ಬಂತು. ಮುರಿದು ಸರ್ಕಾರಕ್ಕೆ ತಲುಪಿಸುವ ಹೊಣೆ ಕೆಲಸ ಕೊಟ್ಟ ಮಾಲೀಕರದು.

ಈ ವ್ಯವಸ್ಥೆಯನ್ನು ರೂಪಿಸಲು ಖಜಾನೆ ಇಲಾಖೆಯಲ್ಲಿ ದುಡಿದ ತರುಣರಲ್ಲಿ ಒಬ್ಬರು ಮಿಲ್ಟನ್ ಫ್ರೀಡ್‌ಮನ್. ಮುಂದೆ ಚಿಕ್ಕ ಸರ್ಕಾರದ ದೊಡ್ಡ ವಕೀಲರಾಗಿ, ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಯುದ್ಧಕ್ಕೆ ಅದು ಬೇಕಿತ್ತು ಎಂದೇ ಅವರು ಕೊನೆಯವರೆಗೂ ವಾದಿಸಿದರು. ಆದರೆ ತಾವು ದೂಷಿಸುವ ದೊಡ್ಡ ಸರ್ಕಾರಕ್ಕೆ ತಾವೇ ಸಲಕರಣೆ ಮಾಡಿಕೊಟ್ಟೆವಲ್ಲ ಎಂಬ ಕಸಿವಿಸಿಯನ್ನೂ ಮುಚ್ಚಿಡಲಿಲ್ಲ.

ಕೆಲ್ಲಮ್ಸ್ ಮೊದಲ ಬಾರಿ ಸುದ್ದಿಯಾದದ್ದು 1944ರ ಆರಂಭದಲ್ಲಿ. ಯುದ್ಧ ಮುಗಿದ ಮೇಲೆ ಕಾರ್ಖಾನೆ ನಡೆಸಲು ಮೀಸಲು ಹಣ ಬೇಕು, ಆದ್ದರಿಂದ ಉದ್ಯಮಿಗಳು ತೆರಿಗೆಯ ಕಂತನ್ನು ತಡೆಹಿಡಿಯಲಿ ಎಂದು ಭಾಷಣ ಮಾಡಿದರು. ಹುಡುಗರು ರಣರಂಗದಲ್ಲಿ ಸಾಯುತ್ತಿರುವಾಗ ಈ ಮಾತು ಯಾರಿಗೂ ರುಚಿಸಲಿಲ್ಲ. ಖಜಾನೆ ಕಾರ್ಯದರ್ಶಿ ಹೆನ್ರಿ ಮಾರ್ಗನ್‌ಥೌ ಅವರ ದೇಶನಿಷ್ಠೆಯನ್ನೇ ಪ್ರಶ್ನಿಸಿದರು. ನನಗೂ ಆ ಭಾಷಣ ಸರಿ ಎನ್ನಿಸುವುದಿಲ್ಲ. ಆದರೆ ಅದರ ಬೆನ್ನಿಗೇ ನಡೆದದ್ದು ಇನ್ನೂ ಸರಿಯಲ್ಲ. ಅರ್ಜೆಂಟೀನಾದಲ್ಲಿದ್ದ ಜರ್ಮನ್ ಮನೆತನದ ಗಣ್ಯನೊಬ್ಬನಿಗೆ ಅವರು ಬರೆದಿದ್ದ ಪ್ರೇಮಪತ್ರಗಳನ್ನು ಯುದ್ಧಕಾಲದ ಅಂಚೆ ಸೆನ್ಸಾರಿನವರು ತೆರೆದು ನೋಡಿದ್ದರು. ಆ ಪತ್ರಗಳ ಸಾಲುಗಳು ಹೊರಬಿದ್ದು, ಸಂಸತ್ತಿನ ಕೆಳಮನೆಯಲ್ಲಿ ಜಾನ್ ಕಾಫಿ ಎಂಬ ಸದಸ್ಯ ಅವನ್ನು ಓದಿ ಹೇಳಿದರು. ತೆರಿಗೆಯ ವಾದಕ್ಕೆ ತೆರಿಗೆಯ ಉತ್ತರ ಕೊಡುವ ಬದಲು ಹೆಂಗಸಿನ ಖಾಸಗಿ ಕಾಗದ ಬೀದಿಗೆ ಬಂತು. ವಾದ ಎದುರಿಸುವವರಿಗೆ ತಾಳ್ಮೆ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನಾವೂ ಬೇಕಾದಷ್ಟು ಕಂಡಿದ್ದೇವೆ.

ಅವರು ಹಿಂಜರಿಯಲಿಲ್ಲ, ನಾಲ್ಕು ವರ್ಷ ಕಾದರು. ಯುದ್ಧ ಮುಗಿಯಿತು, ಮುರಿದುಕೊಳ್ಳುವ ಕಾನೂನು ಮುಗಿಯಲಿಲ್ಲ. 1948ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಸಭೆಯೊಂದರಲ್ಲಿ ಅವರು ಘೋಷಿಸಿದರು: ಇನ್ನು ಮುಂದೆ ನನ್ನ ಕಾರ್ಖಾನೆಯ ಕೆಲಸಗಾರರ ಸಂಬಳದಿಂದ ತೆರಿಗೆ ಮುರಿಯುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕೆಲಸಗಾರರು ತೆರಿಗೆ ಕಟ್ಟಬಾರದು ಎಂದು ಅವರು ಹೇಳಲಿಲ್ಲ. ಪೂರ್ತಿ ಸಂಬಳ ಕೈಗೆ ಕೊಡುತ್ತೇನೆ, ಅವರವರ ತೆರಿಗೆಯನ್ನು ಅವರವರೇ ಕಟ್ಟಲಿ ಎಂದರು. ಅದರಂತೆ ಕಟ್ಟಿದರು ಕೂಡ. ಅವರ ತಕರಾರು ಎರಡು. ಮೊದಲನೆಯದು, ಸರ್ಕಾರದ ಕರ ವಸೂಲಿಯನ್ನು ಬಿಟ್ಟಿಯಾಗಿ ನಾನೇಕೆ ಮಾಡಬೇಕು? ನನ್ನನ್ನು ಏಜೆಂಟ್ ಮಾಡುವುದಾದರೆ ಸಂಬಳ ಕೊಡಿ, ಜೊತೆಗೆ ಒಂದು ಬಿಲ್ಲೆಯನ್ನೂ ಕೊಡಿ ಎಂಬುದು ಅವರ ಕೊಂಕು. ಹಳೆ ಮೈಸೂರಿನವರಿಗೆ ಇದು ಕೂಡಲೇ ಅರ್ಥವಾದೀತು. ಕಂದಾಯ ವಸೂಲಿ ಮಾಡುವ ಪಟೇಲರಿಗೂ, ಲೆಕ್ಕ ಬರೆಯುವ ಶಾನುಭೋಗರಿಗೂ ಸರ್ಕಾರ ಪೋಟಗಿ ಕೊಡುತ್ತಿತ್ತು. ಎರಡನೆಯದು ಹೆಚ್ಚು ತೂಕದ್ದು. ಕೈಯಿಂದ ಎಣಿಸಿ ಕೊಟ್ಟವನಿಗೆ ನೋವಾಗುತ್ತದೆ. ನೋವಾದವನು ಈ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳುತ್ತಾನೆ. ಕಾಣದಂತೆ ಮುರಿದುಕೊಂಡರೆ ಯಾರೂ ಕೇಳುವುದಿಲ್ಲ, ಕೇಳುವವರಿಲ್ಲದ ಸರ್ಕಾರ ಬೆಳೆಯುತ್ತಲೇ ಹೋಗುತ್ತದೆ.

ಕಾನೂನು ಮುರಿದ ರೀತಿಯೂ ಮುಖ್ಯ. ಗುಟ್ಟಾಗಿ ಲೆಕ್ಕ ತಿದ್ದಲಿಲ್ಲ. ಖಜಾನೆ ಕಾರ್ಯದರ್ಶಿಗೆ ತಾವೇ ಪತ್ರ ಬರೆದು, ನಾನು ಹೀಗೆ ಮಾಡುತ್ತಿದ್ದೇನೆ, ನನ್ನ ಮೇಲೆ ಮೊಕದ್ದಮೆ ಹೂಡಿ, ಈ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ನ್ಯಾಯಾಲಯ ಹೇಳಲಿ ಎಂದು ಕೇಳಿಕೊಂಡರು. ‘ಮೀಟ್ ದ ಪ್ರೆಸ್’ ಕಾರ್ಯಕ್ರಮದಲ್ಲಿ ಪತ್ರಕರ್ತರ ಪ್ರಶ್ನೆಗಳಿಗೆ ಎದುರು ಕೂತರು. ಸರ್ಕಾರ ಮೊಕದ್ದಮೆ ಹೂಡಲಿಲ್ಲ. ಅವರ ಬ್ಯಾಂಕ್ ಖಾತೆಯಿಂದ ದಂಡವೆಂದು ಸುಮಾರು 7,800 ಡಾಲರ್ ಎಳೆದುಕೊಂಡಿತು. ಆಗ ಅವರೇ ಸರ್ಕಾರದ ಮೇಲೆ ದಾವೆ ಹೂಡಿದರು. 1951ರಲ್ಲಿ ಕನೆಕ್ಟಿಕಟ್‌ನ ಫೆಡರಲ್ ನ್ಯಾಯಾಲಯದಲ್ಲಿ ಜ್ಯೂರಿಯ ತೀರ್ಪಿನಿಂದ ಹಣ ಮರಳಿ ಪಡೆಯುವ ಹಕ್ಕು ಸಿಕ್ಕಿತು. ಆದರೆ ಕಾನೂನೇ ಅಸಾಂವಿಧಾನಿಕ ಎಂಬ ಮೂಲವಾದ ನಿಲ್ಲಲಿಲ್ಲ. ದುಡ್ಡು ಗೆದ್ದರು, ಜಗಳ ಸೋತರು. ಮರುವರ್ಷ ಈ ಅನುಭವವನ್ನೆಲ್ಲ ಸೇರಿಸಿ ಪುಸ್ತಕ ಬರೆದರು. ಆ ದಶಕದಲ್ಲಿ ಸೆನೆಟ್‌ಗೂ ಗವರ್ನರ್ ಪದವಿಗೂ ಕಣಕ್ಕಿಳಿದರು, ಅಲ್ಲೂ ಗೆಲ್ಲಲಿಲ್ಲ.

ಕರನಿರಾಕರಣೆ ಎಂಬ ಪದ ಕನ್ನಡದಲ್ಲಿ ಬರಿಯ ಪದವಲ್ಲ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರದ ಕಡೆಯ ರೈತರು ಕಂದಾಯ ಕಟ್ಟದೆ ಜಮೀನು, ಮನೆ, ಪಾತ್ರೆಪಗಡೆ ಕಳೆದುಕೊಂಡರು. ಕೆಲ್ಲಮ್ಸ್ ಅವರನ್ನು ಆ ಸಾಲಿನಲ್ಲಿ ಕೂರಿಸಬಹುದೇ? ಪೂರ್ತಿಯಾಗಿ ಆಗದು. ಅಂಕೋಲೆಯ ರೈತನಿಗೆ ತನ್ನ ಮೇಲೆ ಕಂದಾಯ ಹಾಕುವ ಸರ್ಕಾರವನ್ನು ಬದಲಿಸುವ ಓಟಿರಲಿಲ್ಲ. ಕೆಲ್ಲಮ್ಸ್ ಅವರಿಗೆ ಓಟಿತ್ತು, ಕಾರ್ಖಾನೆ ಇತ್ತು, ವಕೀಲರಿದ್ದರು. ಅವರು ಕಳೆದುಕೊಳ್ಳಬಹುದಾಗಿದ್ದು ಕಡಿಮೆ. ಆದರೆ ಒಂದು ಎಳೆ ಎರಡನ್ನೂ ಜೋಡಿಸುತ್ತದೆ. ಗಾಂಧೀಜಿ ಓದಿ ಮೆಚ್ಚಿದ ಹೆನ್ರಿ ಡೇವಿಡ್ ಥೋರೋ 1846ರಲ್ಲಿ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿದ್ದ ಅಮೆರಿಕನ್. ತಪ್ಪೆನಿಸಿದ ಕಾನೂನನ್ನು ಹೇಳಿಯೇ ಮುರಿಯುವುದು, ಓಡಿಹೋಗದೆ ಶಿಕ್ಷೆಗೆ ಕಾಯುವುದು ಆ ದೇಶದಲ್ಲಿ ಎಡಪಂಥಕ್ಕೂ ಬಲಪಂಥಕ್ಕೂ ಸೇರಿದ ಹಳೆಯ ಆಸ್ತಿ. ಸಂಪ್ರದಾಯವಾದಿಗೆ ಪ್ರತಿಭಟನೆ ಹೊರಗಿನಿಂದ ಬಂದ ವಸ್ತುವಲ್ಲ. ತೆರಿಗೆಯ ಜಗಳದಿಂದಲೇ ಹುಟ್ಟಿದ ದೇಶ ಅದು, ಆ ಹುಟ್ಟನ್ನು ಕಾಪಾಡುವುದೇ ತನ್ನ ಸಂಪ್ರದಾಯ ಎಂದು ಕೆಲ್ಲಮ್ಸ್ ತಿಳಿದಿದ್ದರು.

ವಯಸ್ಸಾದರೂ ಅವರು ಸುಮ್ಮನಾಗಲಿಲ್ಲ. ಕನೆಕ್ಟಿಕಟ್‌ನ ಮತಯಂತ್ರದಲ್ಲಿ ಮೊದಲು ಯಾವುದಾದರೂ ಪಕ್ಷದ ಲಿವರ್ ಎಳೆಯಲೇಬೇಕಿತ್ತು. ಆಮೇಲೆ ಬೇಕಾದರೆ ಹೆಸರುಗಳನ್ನು ಬದಲಿಸಿಕೊಳ್ಳಬಹುದಿತ್ತು. ನನ್ನ ಓಟು ವ್ಯಕ್ತಿಗೆ, ಪಕ್ಷಕ್ಕಲ್ಲ ಎಂದು 1960ರ ದಶಕದಲ್ಲಿ ಅವರು ಮತಗಟ್ಟೆಯ ಪರದೆಯ ಒಳಗೇ ಗಂಟೆಗಟ್ಟಲೆ ಕೂತುಬಿಟ್ಟರು. ಕೊನೆಗೆ ತಲೆಸುತ್ತಿ ಬಿದ್ದಾಗ ಹೊರಗೆ ಕರೆತರಬೇಕಾಯಿತು. ಆಗ ಅವರಿಗೆ ಅರವತ್ತು ದಾಟಿತ್ತು.

ಕೊನೆಯ ಜಗಳ ಅವರ ಸ್ವಂತ ಬದುಕಿನದು. 1948ರ ಒಂದು ತಿದ್ದುಪಡಿ ಗಂಡಹೆಂಡಿರ ಆದಾಯವನ್ನು ಎರಡು ಪಾಲು ಮಾಡಿ ತೆರಿಗೆ ಲೆಕ್ಕಹಾಕಲು ಅವಕಾಶ ಕೊಟ್ಟಿತು. ಅದರಿಂದ ಅಷ್ಟೇ ಗಳಿಕೆಯ ಒಂಟಿ ವ್ಯಕ್ತಿಗೆ ಕೆಲವು ಹಂತಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ತೆರಿಗೆ ಬೀಳುತ್ತಿತ್ತು. ಮದುವೆಯಾಗದವರು, ವಿಧವೆಯರು, ವಿಚ್ಛೇದಿತರು ಎಲ್ಲರೂ ಈ ಲೆಕ್ಕಕ್ಕೆ ಸಿಕ್ಕರು. ಕೆಲ್ಲಮ್ಸ್ ಒಂಟಿಯಾಗಿದ್ದರು. ಮದುವೆಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ವಸೂಲಿ ಮಾಡಿದ 73,000ಕ್ಕೂ ಹೆಚ್ಚು ಡಾಲರ್ ವಾಪಸು ಕೊಡಿ ಎಂದು ಹಟ ಹಿಡಿದರು. 1965ರಿಂದ ಪ್ರತಿವರ್ಷ ಸಹಿ ಮಾತ್ರ ಹಾಕಿದ ಖಾಲಿ ರಿಟರ್ನ್ ಕಳಿಸಿದರು. ಸಂಸತ್ತಿಗೆ ಎಡೆಬಿಡದೆ ಮೊರೆಯಿಟ್ಟರು. 1969ರ ತೆರಿಗೆ ಸುಧಾರಣೆ ಕಾನೂನು ಈ ಅಂತರವನ್ನು ಗರಿಷ್ಠ ಶೇಕಡಾ 20ಕ್ಕೆ ಇಳಿಸಿತು. ಅದು ಅವರೊಬ್ಬರ ಗೆಲುವಲ್ಲ, ಆದರೆ ಅವರ ದನಿ ಅದರಲ್ಲಿ ದೊಡ್ಡದಿತ್ತು. ಉಳಿದ ಅಂತರವೂ ಹೋಗಲಿ ಎಂದು ಹೂಡಿದ ದಾವೆಯನ್ನು ತೆರಿಗೆ ನ್ಯಾಯಾಲಯ 1972ರಲ್ಲಿ ತಳ್ಳಿಹಾಕಿತು. ಇನ್ನೊಂದು ವಿಚಿತ್ರವೂ ನಡೆಯಿತು. ಒಂಟಿಗಳ ಭಾರ ಇಳಿಸಿದ ಅದೇ ಕಾನೂನಿನಿಂದ, ಇಬ್ಬರೂ ದುಡಿಯುವ ದಂಪತಿಗಳಿಗೆ ಮದುವೆಯೇ ದುಬಾರಿಯಾಯಿತು. ತೆರಿಗೆಯಲ್ಲಿ ಒಂದು ಕಡೆಯ ಗಂಟು ಬಿಚ್ಚಿದರೆ ಇನ್ನೊಂದು ಕಡೆ ಬಿಗಿಯುತ್ತದೆ.

ಮಹಿಳೆಯರಿಗೆ ಸಮಾನ ಹಕ್ಕು ನೀಡುವ ಸಂವಿಧಾನ ತಿದ್ದುಪಡಿಯನ್ನೂ ಅವರು ದಶಕಗಳ ಕಾಲ ಬೆಂಬಲಿಸಿದರು. ಸಂಪ್ರದಾಯವಾದಿ ಎಂಬ ಹಣೆಪಟ್ಟಿ ಹಚ್ಚಿ ಒಬ್ಬರನ್ನು ಮುಗಿಸಿಬಿಡುವುದು ಸುಲಭ; ಮನುಷ್ಯರು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. 1975ರ ಜನವರಿಯಲ್ಲಿ, 78ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಗಲೂ ಸರ್ಕಾರದ ಜೊತೆಗಿನ ತೆರಿಗೆಯ ವ್ಯಾಜ್ಯ ಮುಗಿದಿರಲಿಲ್ಲ.

ಅವರ ವಾದದಲ್ಲಿ ತಪ್ಪಿಲ್ಲವೇ? ಇದೆ. ತಿಂಗಳ ಸಂಬಳದಲ್ಲಿ ಮನೆ ನಡೆಸುವವನಿಗೆ ವರ್ಷದ ತೆರಿಗೆಯನ್ನು ಒಟ್ಟಿಗೆ ಕೂಡಿಡುವುದು ಕಷ್ಟ. ಸ್ವಲ್ಪಸ್ವಲ್ಪವೇ ಮುರಿದುಕೊಳ್ಳುವುದು ಅವನಿಗೆ ಉಪಕಾರವೂ ಹೌದು. ಆಸ್ಪತ್ರೆ, ಶಾಲೆ, ರಸ್ತೆ ಬೇಕೆನ್ನುವ ನನ್ನಂಥವನಿಗೆ ತೆರಿಗೆ ಸುಲಭವಾಗಿ ಬರುವ ವ್ಯವಸ್ಥೆಯೂ ಬೇಕು. ನಮ್ಮ ದೇಶದಲ್ಲಿ ಸಂಬಳದಲ್ಲೇ ತೆರಿಗೆ ಮುರಿಯುವುದು ಬ್ರಿಟಿಷರ ಕಾಲದಿಂದ ಬಂದದ್ದು. ಅದನ್ನು ತೆಗೆದುಹಾಕಬೇಕು ಎಂದು ನಾನು ಹೇಳಲಾರೆ. ಆದರೆ ಅವರ ಎರಡನೇ ತಕರಾರಿಗೆ ನನ್ನಲ್ಲಿ ಉತ್ತರವಿಲ್ಲ. ಕಾಣದ ಹಣದ ಲೆಕ್ಕವನ್ನು ಯಾರೂ ಕೇಳುವುದಿಲ್ಲ ಎಂಬುದು ನಿಜ. ರಸ್ತೆಯ ಗುಂಡಿಗೆ ಬೈಯುವಾಗಲೂ, ಅದನ್ನು ಮುಚ್ಚಲು ನಾನು ಕೊಟ್ಟ ಹಣ ಎಷ್ಟು ಎಂದು ನನಗೆ ಗೊತ್ತಿರುವುದಿಲ್ಲ.

ಹಾಗಾಗಿ ಈಗ ಒಂದು ಸಣ್ಣ ರೂಢಿ ಮಾಡಿಕೊಂಡಿದ್ದೇನೆ. ತಿಂಗಳ ಕೊನೆಗೆ ಸಂಬಳದ ಚೀಟಿ ಬಂದಾಗ, ಕೈಗೆ ಬಂದ ಮೊತ್ತಕ್ಕೆ ಮುಂಚೆ ಮುರಿದುಕೊಂಡ ಮೊತ್ತವನ್ನು ಓದುತ್ತೇನೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಬಾಡಿಗೆ, ಹಾಲು, ಶಾಲೆಯ ಫೀಸುಗಳ ಕೆಳಗೆ ‘ಸರ್ಕಾರಕ್ಕೆ ಕೊಟ್ಟದ್ದು’ ಎಂದು ಬರೆಯುತ್ತೇನೆ. ಮೊದಲ ತಿಂಗಳು ಅದನ್ನು ನೋಡಿದ ಹೆಂಡತಿ, ‘ಬಾಡಿಗೆಗಿಂತ ಜಾಸ್ತಿ ಇದೆಯಲ್ರೀ, ಇದಕ್ಕೆ ನಮಗೆ ಏನು ಸಿಗ್ತಿದೆ?’ ಎಂದು ಕೇಳಿದಳು. ಕೆಲ್ಲಮ್ಸ್ ತಮ್ಮ ಕಾರ್ಖಾನೆಯ ಪ್ರತಿಯೊಬ್ಬ ಕೆಲಸಗಾರನೂ ಕೇಳಲಿ ಎಂದು ಬಯಸಿದ್ದು ಇದೇ ಪ್ರಶ್ನೆಯನ್ನು.