ಹಲ್ಲಿನ ಖರ್ಚು ಯಾರ ಹೆಸರಿಗೆ?

ಹೊಟ್ಟಿ ಆಪರೇಷನ್ ಅಂದ್ರ ಯಾವ ಕಾರ್ಡ್ ನಡೀತೈತಿ ಅಂತ ಎಲ್ಲಾರೂ ಕೇಳ್ತೀವಿ. ಹಲ್ಲಿನ ಸುದ್ದಿ ಮಾತ್ರ ಯಾರೂ ತಗಿಯೂದಿಲ್ಲ. "ವಯಸ್ಸಾತು, ಉದುರ್ತಾವ ಬಿಡು" ಅಂತೀವಿ. ಆದ್ರ ಖಡಕ್ ರೊಟ್ಟಿ ತಿನ್ನೂ ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಹಲ್ಲು ಹೋದ್ರ ಅರ್ಧಾ ಊಟ ಹೋದಂಗ. ನಮ್ಮ ಅತ್ತಿಯವರು ಕಡೀ ಹತ್ತು ವರ್ಷ ರೊಟ್ಟಿ ಸಾರಿನ್ಯಾಗ ನೆನಿಸೇ ತಿಂದ್ರು.

ನಮ್ಮ ದೇಶದಾಗ ಇಂಥ ವಿಮಾ ಮೊದಲ ಬಂದದ್ದು ಕಾರ್ಖಾನಿ ಮಂದಿಗೆ. 1948ರಾಗ ಇಎಸ್‌ಐ ಕಾಯ್ದೆ ಆತು, 1952ರ ಫೆಬ್ರುವರಿಯೊಳಗ ಕಾನಪುರ, ದಿಲ್ಲಿಯಿಂದ ಚಾಲೂ ಆತು. ಪಗಾರದಾಗ ಒಂದೀಟು ಮುರಕೋತಾರ, ಮಾಲಕರು ಒಂದೀಟು ಹಾಕ್ತಾರ, ದವಾಖಾನಿ ಖರ್ಚು ಅದರಾಗ ನಡೀತೈತಿ. ಮೊದಲ ಕೆಲಸಗಾರರಿಗಷ್ಟ ಇತ್ತು, ಆಮ್ಯಾಲೆ ಅವರ ಮನಿಯವರಿಗೂ ಆತು. 2017ರಾಗ ಪಗಾರದ ಮಿತಿ 21,000 ರೂಪಾಯಿಗೆ ಏರ್ತು. ಆದ್ರ ಹತ್ತಿ ಬಿಡಿಸೂ ಹೆಣ್ಮಗಳಿಗೆ ಪಗಾರ ಚೀಟಿ ಎಲ್ಲಿಂದ ಬರಬೇಕ್ರಿ?

ಅದ 1948ರಾಗ ಇಂಗ್ಲೆಂಡಿನ ಸರಕಾರ ಎಲ್ಲಾರಿಗೂ ಹಲ್ಲಿನ ಸೆಟ್ ಪುಕ್ಕಟ ಅಂತು. ಮಂದಿ ಮುಗಿಬಿದ್ರು. ಖರ್ಚು ತಡಿಯಲಾರದ 1951ರಾಗ ಅದಕ್ಕ ರೊಕ್ಕ ಹಚ್ಚಿದ್ರು. ಅಂದ್ರ ಹಲ್ಲಿಲ್ಲದ ಸಂಕಟ ಅಲ್ಲೂ ಮನಿಮನಿಯೊಳಗ ಇತ್ತು.

ನಮ್ಮ ರೈತರ ಪಾಳಿ ಬಂದದ್ದು 2003ರಾಗ, ಯಶಸ್ವಿನಿ ಬಂದಾಗ. ಶುರುವಿಗೆ ವರ್ಷಕ್ಕ ತಲಿಗೆ 60 ರೂಪಾಯಿ ಕಟ್ಟಬೇಕಿತ್ತು. ಸಹಕಾರಿ ಸೊಸೈಟಿ ಸದಸ್ಯರಾಗಿರಬೇಕಿತ್ತು. ಹೊಲದ ಉತಾರ ಗಂಡಸರ ಹೆಸರಲೆ, ಸೊಸೈಟಿಯೊಳಗೂ ಬಹಳ ಮನಿಗಳಾಗ ಅವರದ ಹೆಸರು. ಹೆಣ್ಮಕ್ಳು ಅವರ ಹಿಂದ. ಅದೂ ದೊಡ್ಡ ಆಪರೇಷನ್ನಿಗೆ, ಹಲ್ಲಿಗಲ್ಲ.

2014-15ರಾಗ ರಾಜ್ಯ ಸರಕಾರ ದಂತಭಾಗ್ಯ ತಂತು. ಇದು ಕಂತು ಕಟ್ಟೂ ವಿಮಾ ಅಲ್ಲ, ಸರಕಾರದ್ದ ಖರ್ಚು. ಬಿಪಿಎಲ್ ಕಾರ್ಡಿನ, 60 ದಾಟಿದ ಹಿರಿಯರಿಗೆ ಹಲ್ಲಿನ ಸೆಟ್ ಪುಕ್ಕಟ. ಆಮ್ಯಾಲೆ ವಯಸ್ಸು 45ಕ್ಕ ಇಳಿಸಿದ್ರು.

ಇದನ್ನ ಯಾಕ ಬರದೆ ಅಂದ್ರ, ಇಎಸ್‌ಐ "ಎಲ್ಲಿ ಪಗಾರ?" ಅಂತ ಕೇಳ್ತು. ಯಶಸ್ವಿನಿ "ಯಾವ ಸೊಸೈಟಿ?" ಅಂತು. ದಂತಭಾಗ್ಯ ಮಾತ್ರ "ಕಾರ್ಡ್ ಐತೇನು, ನಿನಗ ಎಷ್ಟ ವಯಸ್ಸು?" ಅಂತ ಮುದುಕಿಯನ್ನ ಕೇಳ್ತು. ಗಂಡ ಏನು ಮಾಡ್ತಾನ ಅಂತ ಕೇಳಲಿಲ್ಲ.

ಮನ್ಯಾಗ ನೆನಿಸಿ ತಿನ್ನೂ ಹಿರಿಯರಿದ್ರ, ರೇಷನ್ ಕಾರ್ಡ್, ಆಧಾರ ಎರಡರಾಗೂ ವಯಸ್ಸು ಒಂದ ಐತೇನು ನೋಡ್ರಿ. ಈಗ ಎಲ್ಲಿ ಸೆಟ್ ಕೊಡ್ತಾರ ಅಂತ ಆಶಾ ಅಕ್ಕಾರನ್ನ ಕೇಳ್ರಿ. "ಈ ವಯಸ್ಸಿನ್ಯಾಗ ಹಲ್ಲ್ಯಾಕ" ಅಂತ ಅವರ ಬಾಯಿ ಮಾತ್ರ ಮುಚ್ಚಿಸಬ್ಯಾಡ್ರಿ.