ಮುಕ್ತ ಪ್ರವೇಶದ ವಿದ್ವತ್ ವೇದಿಕೆಗಳು ಮತ್ತು ಅಂತರರಾಷ್ಟ್ರೀಯ ಸಹಕಾರ

ವಿದ್ವತ್ ನಿಯತಕಾಲಿಕೆಗಳ ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಅಂತರ್ಜಾಲದಲ್ಲಿ ಪ್ರಕಟಿಸುವ ವ್ಯವಸ್ಥೆಗೆ ಮುಕ್ತ ಪ್ರವೇಶದ, ಅಂದರೆ ಓಪನ್ ಆಕ್ಸೆಸ್ ಪ್ರಕಟಣಾ ವೇದಿಕೆ ಎಂದು ಹೆಸರು. 1990ರ ದಶಕದ ಕೊನೆಯಲ್ಲಿ ಲ್ಯಾಟಿನ್ ಅಮೆರಿಕ, ಆಫ್ರಿಕಾ, ಯುರೋಪ್, ಕೆನಡಾ ಮತ್ತು ಜಪಾನ್‌ಗಳಲ್ಲಿ ಆನ್‌ಲೈನ್ ವಿದ್ವತ್ ವೇದಿಕೆಗಳು ಒಂದೊಂದಾಗಿ ಹುಟ್ಟಿದವು. ಅವುಗಳ ಭಾಷೆ, ಆಡಳಿತ ಮತ್ತು ಹಣದ ಮೂಲ ಇಂದಿಗೂ ಬೇರೆ ಬೇರೆ. ಆದರೂ ತಂತ್ರಾಂಶ, ಮಾನದಂಡ ಮತ್ತು ಅನುಭವಗಳನ್ನು ಹಂಚಿಕೊಳ್ಳುವ ಮೂಲಕ ಅವು ಪರಸ್ಪರ ಹತ್ತಿರವಾಗಿವೆ. ಈ ಸಹಕಾರಕ್ಕೆ ಒಬ್ಬ ಒಡೆಯನಿಲ್ಲ. ಎಲ್ಲರೂ ಒಪ್ಪಿದ ನಿಯಮಗಳೇ ಅದರ ಬಲ.

ಮುಕ್ತ ಪ್ರವೇಶದ ಅರ್ಥ

ವಿದ್ವತ್ ಪ್ರಕಟಣೆಯಲ್ಲಿ ಲೇಖಕರಿಗೆ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ. ಲೇಖನವನ್ನು ಪರಿಶೀಲಿಸುವ ತಜ್ಞರೂ ಬಹುಮಟ್ಟಿಗೆ ವೇತನವಿಲ್ಲದೆ ದುಡಿಯುತ್ತಾರೆ. ಸಂಶೋಧನೆಗೆ ಅನೇಕ ವೇಳೆ ಸರ್ಕಾರದ ಹಣ ಸಂದಿರುತ್ತದೆ. ಹೀಗಿದ್ದರೂ ಮುದ್ರಿತ ಲೇಖನವನ್ನು ಓದಲು ಗ್ರಂಥಾಲಯಗಳು ಪ್ರಕಾಶಕರಿಗೆ ದೊಡ್ಡ ಮೊತ್ತದ ಚಂದಾ ತೆರಬೇಕಾಗಿತ್ತು. ಚಂದಾ ಕಟ್ಟಲಾಗದ ಕಾಲೇಜು, ಆಸ್ಪತ್ರೆ ಮತ್ತು ಸ್ವತಂತ್ರ ಅಧ್ಯಯನಕಾರರು ಜ್ಞಾನದಿಂದ ಹೊರಗುಳಿಯುತ್ತಿದ್ದರು.

ಈ ಸ್ಥಿತಿಯನ್ನು ಬದಲಿಸುವ ಉದ್ದೇಶದಿಂದ 2001ರ ಡಿಸೆಂಬರಿನಲ್ಲಿ ಹಂಗರಿಯ ಬುಡಾಪೆಸ್ಟ್ ನಗರದಲ್ಲಿ ಒಂದು ಸಭೆ ನಡೆಯಿತು. ಅದರ ಘೋಷಣೆ 2002ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಲೇಖನವನ್ನು ಓದುವ, ಇಳಿಸಿಕೊಳ್ಳುವ, ನಕಲು ಮಾಡುವ, ಹಂಚುವ ಮತ್ತು ಹುಡುಕುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂಬುದು ಅದರ ಸಾರ. ಲೇಖಕರ ಹೆಸರು ಮತ್ತು ಕೃತಿಯ ಸಮಗ್ರತೆ ಉಳಿಯಬೇಕು ಎಂಬ ನಿಬಂಧನೆಯೂ ಅದರಲ್ಲಿದೆ. 2003ರಲ್ಲಿ ಬೆಥೆಸ್ಡಾ ಮತ್ತು ಬರ್ಲಿನ್ ಘೋಷಣೆಗಳು ಇದೇ ತತ್ತ್ವವನ್ನು ಬಲಪಡಿಸಿದವು.

ಮುಕ್ತ ಪ್ರವೇಶಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಲೇಖಕರು ತಮ್ಮ ಲೇಖನದ ಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿ ಇರಿಸುವುದು ಹಸಿರು ಮಾರ್ಗ. ನಿಯತಕಾಲಿಕೆಯೇ ಲೇಖನವನ್ನು ಮುಕ್ತವಾಗಿ ಪ್ರಕಟಿಸುವುದು ಚಿನ್ನದ ಮಾರ್ಗ. ಇದರಲ್ಲಿ ಎಷ್ಟೋ ಪ್ರಕಾಶಕರು ಲೇಖಕರಿಂದ ಶುಲ್ಕ ಪಡೆಯುತ್ತಾರೆ. ಓದುಗರಿಂದಲೂ ಲೇಖಕರಿಂದಲೂ ಹಣ ಪಡೆಯದೆ ನಡೆಯುವುದು ವಜ್ರ ಮಾರ್ಗ. ಈ ಲೇಖನದಲ್ಲಿ ವಿವರಿಸುವ ವೇದಿಕೆಗಳಲ್ಲಿ ಹಲವು ವಜ್ರ ಮಾರ್ಗದವು, ಅಥವಾ ಅದಕ್ಕೆ ಸಮೀಪವಾದವು.

ವೇದಿಕೆಯ ಕಾರ್ಯ

ನಿಯತಕಾಲಿಕೆಗೂ ವೇದಿಕೆಗೂ ವ್ಯತ್ಯಾಸವಿದೆ. ನಿಯತಕಾಲಿಕೆಯ ಸಂಪಾದಕ ಮಂಡಳಿ ಲೇಖನವನ್ನು ಆಯ್ಕೆ ಮಾಡುತ್ತದೆ, ತಜ್ಞರ ವಿಮರ್ಶೆಗೆ ಕಳುಹಿಸುತ್ತದೆ ಮತ್ತು ತಿದ್ದುಪಡಿ ಮಾಡಿಸುತ್ತದೆ. ಅಂಥ ನೂರಾರು ನಿಯತಕಾಲಿಕೆಗಳಿಗೆ ಬೇಕಾದ ಸಾಮಾನ್ಯ ಸೌಕರ್ಯವನ್ನು ವೇದಿಕೆ ಒದಗಿಸುತ್ತದೆ. ಸರ್ವರ್, ಹುಡುಕಾಟದ ವ್ಯವಸ್ಥೆ, ಲೇಖನಗಳಿಗೆ ಶಾಶ್ವತ ಗುರುತು, ದೀರ್ಘಕಾಲದ ಸಂರಕ್ಷಣೆ, ಓದುಗರ ಅಂಕಿಅಂಶ ಇವೆಲ್ಲ ಅದರ ಹೊಣೆ. ಒಂದು ಸಣ್ಣ ವಿದ್ವತ್ ಸಂಘ ಇಷ್ಟನ್ನು ಏಕಾಂಗಿಯಾಗಿ ನಿರ್ವಹಿಸುವುದು ಕಷ್ಟ. ವೇದಿಕೆಯನ್ನು ಸೇರಿದರೆ ಅದರ ನಿಯತಕಾಲಿಕೆಗೂ ದೊಡ್ಡ ಪ್ರಕಾಶಕರಿಗಿರುವ ತಾಂತ್ರಿಕ ಗುಣಮಟ್ಟ ದೊರೆಯುತ್ತದೆ.

ಪ್ರಾದೇಶಿಕ ವೇದಿಕೆಗಳ ಹುಟ್ಟು

ಬ್ರೆಜಿಲಿನ ವೈದ್ಯ ಕಾರ್ಲೋಸ್ ಶಾಗಸ್ 1909ರಲ್ಲಿ, ಇಂದು ಅವರ ಹೆಸರಿನಿಂದಲೇ ಕರೆಯಲಾಗುವ ರೋಗವನ್ನು ಗುರುತಿಸಿ ವಿವರಿಸಿದರು. ಅವರ ವಿಸ್ತೃತ ಲೇಖನ ರಿಯೊ ಡಿ ಜನೈರೊದ ಓಸ್ವಾಲ್ಡೊ ಕ್ರೂಜ್ ಸಂಸ್ಥೆಯ ನಿಯತಕಾಲಿಕೆಯಲ್ಲಿ ಅದೇ ವರ್ಷ ಪ್ರಕಟವಾಯಿತು. ಒಂದು ಪ್ರದೇಶದ ರೋಗ, ಬೆಳೆ, ಸಮಾಜಗಳ ಕುರಿತ ಅರಿವು ಮೊದಲು ಆ ಪ್ರದೇಶದ ನಿಯತಕಾಲಿಕೆಗಳಲ್ಲೇ ದಾಖಲಾಗುವುದುಂಟು. ಆದರೆ 20ನೆಯ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ಪ್ರಮುಖ ಉಲ್ಲೇಖ ಸೂಚಿಗಳು ಉತ್ತರ ಅಮೆರಿಕ ಮತ್ತು ಪಶ್ಚಿಮ ಯುರೋಪಿನ ಇಂಗ್ಲಿಷ್ ನಿಯತಕಾಲಿಕೆಗಳ ಕಡೆಗೇ ವಾಲಿದ್ದವು. ಸೂಚಿಯಲ್ಲಿ ಇಲ್ಲದ ಲೇಖನ ಲೋಕದ ಕಣ್ಣಿಗೆ ಬೀಳುತ್ತಿರಲಿಲ್ಲ.

ಈ ಅಸಮತೆಗೆ ಉತ್ತರವಾಗಿ 1997ರಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ಸೈಯೆಲೊ ಯೋಜನೆ ಆರಂಭವಾಯಿತು. ಸಾವೊ ಪಾಲೊ ರಾಜ್ಯದ ಸಂಶೋಧನಾ ನಿಧಿ ಫಪೆಸ್ಪ್ ಮತ್ತು ಆರೋಗ್ಯ ಮಾಹಿತಿ ಕೇಂದ್ರ ಬಿರೆಮೆ ಇದರ ಬೆನ್ನಿಗೆ ನಿಂತವು. ಚಿಲಿ ಬೇಗನೆ ಸೇರಿಕೊಂಡಿತು. 2009ರಲ್ಲಿ ದಕ್ಷಿಣ ಆಫ್ರಿಕಾ ಇದರ ಭಾಗವಾಯಿತು. ಸ್ಪೇನ್ ಮತ್ತು ಪೋರ್ಚುಗಲ್ ಸೇರಿದಂತೆ ಹದಿನೈದಕ್ಕೂ ಹೆಚ್ಚು ದೇಶಗಳು ಇಂದು ಈ ಜಾಲದಲ್ಲಿವೆ. ಪ್ರತಿ ದೇಶದ ಸಂಗ್ರಹವನ್ನು ಆ ದೇಶದ ಸಂಸ್ಥೆಯೇ ನಡೆಸುತ್ತದೆ. ಆಯ್ಕೆಯ ಮಾನದಂಡ ಮತ್ತು ತಾಂತ್ರಿಕ ವಿಧಾನ ಮಾತ್ರ ಎಲ್ಲರಿಗೂ ಸಮಾನ. ಸ್ವಾಯತ್ತತೆ ಮತ್ತು ಏಕರೂಪತೆಗಳ ಈ ಹೊಂದಾಣಿಕೆಯೇ ಸೈಯೆಲೊ ಕೊಟ್ಟ ದೊಡ್ಡ ಕೊಡುಗೆ.

ಮೆಕ್ಸಿಕೋದ ತೊಲೂಕಾ ನಗರದ ವಿಶ್ವವಿದ್ಯಾಲಯ ರೆಡಾಲಿಕ್ ವೇದಿಕೆಯನ್ನು ಕಟ್ಟಿತು. ಯುನೆಸ್ಕೊ ಮತ್ತು ಲ್ಯಾಟಿನ್ ಅಮೆರಿಕದ ಸಮಾಜವಿಜ್ಞಾನ ಮಂಡಳಿ ಕ್ಲಾಕ್ಸೊಗಳ ನೆರವಿನಿಂದ 2018ರಲ್ಲಿ ಅದರ ಮುಂದುವರಿಕೆಯಾಗಿ ಅಮೆಲಿಕಾ ರೂಪುಗೊಂಡಿತು. ಆಫ್ರಿಕನ್ ಜರ್ನಲ್ಸ್ ಆನ್‌ಲೈನ್ 1998ರಲ್ಲಿ ಬ್ರಿಟನ್ನಿನ ಇನಾಸ್ಪ್ ಸಂಸ್ಥೆಯ ಯೋಜನೆಯಾಗಿ ಆರಂಭವಾಗಿ, 2005ರಲ್ಲಿ ದಕ್ಷಿಣ ಆಫ್ರಿಕಾದ ಆಡಳಿತಕ್ಕೆ ಹಸ್ತಾಂತರವಾಯಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ 1998ರಲ್ಲಿ ಎರುದಿ ಹುಟ್ಟಿತು. 1999ರಲ್ಲಿ ಫ್ರಾನ್ಸಿನಲ್ಲಿ ಮಾನವಿಕ ವಿಷಯಗಳಿಗೆ ಮೀಸಲಾದ ವೇದಿಕೆಯೊಂದು ಆರಂಭವಾಗಿ, ಮುಂದೆ ಓಪನ್‌ಎಡಿಷನ್ ಎನಿಸಿತು. ಜಪಾನಿನ ವಿಜ್ಞಾನ ಮತ್ತು ತಂತ್ರಜ್ಞಾನ ಏಜೆನ್ಸಿ ಅದೇ ವರ್ಷ ಜೆ-ಸ್ಟೇಜ್ ಅನ್ನು ಆರಂಭಿಸಿತು.

ಸಹಕಾರದ ತಾಂತ್ರಿಕ ತಳಹದಿ

ಬೇರೆ ಬೇರೆ ದೇಶಗಳ ವೇದಿಕೆಗಳು ಪರಸ್ಪರ ವ್ಯವಹರಿಸಲು ನಾಲ್ಕು ಬಗೆಯ ಹಂಚಿಕೆ ಅಗತ್ಯ.

ಮೊದಲನೆಯದು ತಂತ್ರಾಂಶ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ವಿಲಿನ್ಸ್ಕಿ 1998ರಲ್ಲಿ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್ ಆರಂಭಿಸಿದರು. ಅದು 2001ರಲ್ಲಿ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಲೇಖನದ ಸಲ್ಲಿಕೆಯಿಂದ ಪ್ರಕಟಣೆಯವರೆಗಿನ ಎಲ್ಲ ಹಂತಗಳನ್ನು ಅದು ನಿರ್ವಹಿಸುತ್ತದೆ. ಅದರ ಮೂಲಸಂಕೇತ ಮುಕ್ತವಾದ್ದರಿಂದ ಯಾರಾದರೂ ಅದನ್ನು ಉಚಿತವಾಗಿ ಬಳಸಬಹುದು, ತಮ್ಮ ಭಾಷೆಗೆ ಅಳವಡಿಸಿಕೊಳ್ಳಬಹುದು. ಜಗತ್ತಿನ ಸಾವಿರಾರು ನಿಯತಕಾಲಿಕೆಗಳು ಇದರ ಮೇಲೆ ನಡೆಯುತ್ತಿವೆ. ಇನಾಸ್ಪ್ ನೆರವಿನಿಂದ ರೂಪುಗೊಂಡ ನೇಪಾಳ, ಬಾಂಗ್ಲಾದೇಶ ಮತ್ತು ಶ್ರೀಲಂಕಾಗಳ ರಾಷ್ಟ್ರೀಯ ವೇದಿಕೆಗಳೂ ಇದನ್ನೇ ಆಧರಿಸಿವೆ.

ಎರಡನೆಯದು ವಿವರಣಾ ದತ್ತಾಂಶ. ಲೇಖನದ ಶೀರ್ಷಿಕೆ, ಲೇಖಕ, ವರ್ಷ, ಭಾಷೆ, ವಿಷಯ ಇವುಗಳ ವ್ಯವಸ್ಥಿತ ದಾಖಲೆಗೆ ಮೆಟಾಡೇಟಾ ಎನ್ನುತ್ತಾರೆ. ಹಳೆಯ ಗ್ರಂಥಾಲಯದ ಸೂಚಿ ಕಾರ್ಡು ಮಾಡುತ್ತಿದ್ದ ಕೆಲಸವನ್ನೇ ಇದು ಗಣಕಲೋಕದಲ್ಲಿ ಮಾಡುತ್ತದೆ. ಡಬ್ಲಿನ್ ಕೋರ್ ಎಂಬ ಮಾನದಂಡ ಇದಕ್ಕೆ 15 ಮೂಲ ಅಂಶಗಳನ್ನು ನಿಗದಿ ಮಾಡಿದೆ. ಒಂದು ವೇದಿಕೆಯ ಮೆಟಾಡೇಟಾವನ್ನು ಇನ್ನೊಂದು ವ್ಯವಸ್ಥೆ ತಾನಾಗಿಯೇ ಸಂಗ್ರಹಿಸಲು ಓಎಐ-ಪಿಎಂಎಚ್ ಎಂಬ ಸಂವಹನ ನಿಯಮವಿದೆ. 1999ರಲ್ಲಿ ಅಮೆರಿಕದ ಸ್ಯಾಂಟಾ ಫೆಯಲ್ಲಿ ನಡೆದ ಸಭೆ ಇದಕ್ಕೆ ನಾಂದಿ ಹಾಡಿತು. 2002ರಲ್ಲಿ ಬಂದ ಎರಡನೆಯ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ.

ಮೂರನೆಯದು ಶಾಶ್ವತ ಗುರುತು. ಜಾಲತಾಣದ ವಿಳಾಸ ಬದಲಾದರೂ ಲೇಖನ ಸಿಗಬೇಕು. ಅದಕ್ಕಾಗಿ ಪ್ರತಿ ಲೇಖನಕ್ಕೆ ಡಿಒಐ ಎಂಬ ವಿಶಿಷ್ಟ ಗುರುತು ನೀಡಲಾಗುತ್ತದೆ. 2000ದಲ್ಲಿ ಆರಂಭವಾದ ಕ್ರಾಸ್‌ರೆಫ್ ವಿದ್ವತ್ ಲೇಖನಗಳ ಡಿಒಐಗಳನ್ನು ನೋಂದಾಯಿಸುವ ಪ್ರಮುಖ ಸಂಸ್ಥೆ. ನಿಯತಕಾಲಿಕೆಗೆ ಎಂಟು ಅಂಕೆಗಳ ಐಎಸ್‌ಎಸ್‌ಎನ್ ಇದ್ದರೆ, ಸಂಶೋಧಕರಿಗೆ 2012ರಿಂದ ಹದಿನಾರು ಅಂಕೆಗಳ ಆರ್ಕಿಡ್ ಇದೆ. ಒಂದೇ ಹೆಸರಿನ ಇಬ್ಬರು ಸಂಶೋಧಕರನ್ನು ಪ್ರತ್ಯೇಕಿಸಲು ಇದು ನೆರವಾಗುತ್ತದೆ.

ನಾಲ್ಕನೆಯದು ಸಂರಕ್ಷಣೆ. ಒಂದು ಸರ್ವರ್ ಕೆಟ್ಟರೂ ಲೇಖನ ನಾಶವಾಗಬಾರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲಾಕ್ಸ್ ತಂತ್ರಜ್ಞಾನ ಒಂದೇ ಲೇಖನದ ಹಲವು ಪ್ರತಿಗಳನ್ನು ಬೇರೆ ಬೇರೆ ಸಂಸ್ಥೆಗಳ ಗಣಕಗಳಲ್ಲಿ ಇರಿಸಿ, ಅವುಗಳನ್ನು ಆಗಾಗ ಹೋಲಿಸಿ ದೋಷ ಸರಿಪಡಿಸುತ್ತದೆ. ಈ ತಂತ್ರಜ್ಞಾನವನ್ನು ಆಧರಿಸಿ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್ ತನ್ನ ತಂತ್ರಾಂಶ ಬಳಸುವ ನಿಯತಕಾಲಿಕೆಗಳಿಗೆ ಉಚಿತ ಸಂರಕ್ಷಣಾ ಜಾಲವನ್ನು ಒದಗಿಸಿದೆ.

ಜಾಗತಿಕ ಒಕ್ಕೂಟದ ರಚನೆ

ತಾಂತ್ರಿಕ ನಂಟು ಬೆಳೆದ ಬಳಿಕ ಸಾಂಸ್ಥಿಕ ನಂಟಿಗೂ ಹಾದಿ ತೆರೆಯಿತು. 2019ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಮಾಹಿತಿ ಸಮಾಜದ ವಿಶ್ವ ಶೃಂಗಸಭೆಯ ವೇದಿಕೆ ಸಮಾವೇಶಗೊಂಡಾಗ, ಯುನೆಸ್ಕೊ ಏರ್ಪಡಿಸಿದ್ದ ಸಭೆಯಲ್ಲಿ ಆರು ವೇದಿಕೆಗಳು ಒಂದಾದವು. ಆಫ್ರಿಕನ್ ಜರ್ನಲ್ಸ್ ಆನ್‌ಲೈನ್, ಅಮೆಲಿಕಾ, ಎರುದಿ, ಜೆ-ಸ್ಟೇಜ್, ಓಪನ್‌ಎಡಿಷನ್ ಮತ್ತು ಸೈಯೆಲೊ ಸೇರಿ ರಚಿಸಿದ ಈ ಒಕ್ಕೂಟಕ್ಕೆ ಗ್ಲೋಆಲ್ ಎಂದು ಹೆಸರಿಡಲಾಯಿತು. ಬಹುಸಂಸ್ಕೃತಿ, ಬಹುವಿಷಯ ಮತ್ತು ಬಹುಭಾಷೆಗಳ ನೆಲೆಯಿಂದ ವೈಜ್ಞಾನಿಕ ಜ್ಞಾನವನ್ನು ಪ್ರಜಾಸತ್ತಾತ್ಮಕಗೊಳಿಸುವುದು ಅದರ ಧ್ಯೇಯ.

2021ರ ನವೆಂಬರಿನಲ್ಲಿ ಯುನೆಸ್ಕೊದ 193 ಸದಸ್ಯ ರಾಷ್ಟ್ರಗಳು ಮುಕ್ತ ವಿಜ್ಞಾನದ ಕುರಿತ ಶಿಫಾರಸನ್ನು ಅಂಗೀಕರಿಸಿದವು. ಮುಕ್ತ ವಿಜ್ಞಾನದ ಮೂಲಸೌಕರ್ಯಗಳು ಸಾಧ್ಯವಾದಷ್ಟೂ ಲಾಭರಹಿತವಾಗಿರಬೇಕು ಎಂಬ ಆಶಯ ಅದರಲ್ಲಿದೆ. 2022ರಲ್ಲಿ ಯುರೋಪಿನ ಸಂಸ್ಥೆಗಳು ವಜ್ರ ಮಾರ್ಗಕ್ಕಾಗಿ ಒಂದು ಕ್ರಿಯಾಯೋಜನೆಯನ್ನು ಪ್ರಕಟಿಸಿದವು. ವಜ್ರ ಮಾರ್ಗದ ಮೊದಲ ಜಾಗತಿಕ ಶೃಂಗಸಭೆ 2023ರ ಅಕ್ಟೋಬರಿನಲ್ಲಿ ತೊಲೂಕಾದಲ್ಲಿ, ಎರಡನೆಯದು 2024ರ ಡಿಸೆಂಬರಿನಲ್ಲಿ ಕೇಪ್‌ಟೌನ್‌ನಲ್ಲಿ ನಡೆಯಿತು. ಎರಡೂ ಸಭೆಗಳು ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕಾದಲ್ಲಿ ನಡೆದದ್ದು ಅರ್ಥಪೂರ್ಣ. ಈ ಕ್ಷೇತ್ರದಲ್ಲಿ ಅನುಭವ ದಕ್ಷಿಣದಿಂದ ಉತ್ತರಕ್ಕೂ ಹರಿಯುತ್ತಿದೆ.

ಹಣಕಾಸಿನ ಪ್ರಶ್ನೆ

ಉಚಿತವಾಗಿ ಓದುವ ಲೇಖನವೂ ಖರ್ಚಿಲ್ಲದೆ ಸಿದ್ಧವಾಗುವುದಿಲ್ಲ. ಆ ಖರ್ಚನ್ನು ಲೇಖಕರ ಮೇಲೆ ಹೊರಿಸಿದರೆ ಓದುಗರ ಬಾಗಿಲು ತೆರೆದು ಲೇಖಕರ ಬಾಗಿಲು ಮುಚ್ಚುತ್ತದೆ. 2020ರಲ್ಲಿ ನೇಚರ್ ನಿಯತಕಾಲಿಕೆ ಒಂದು ಲೇಖನದ ಮುಕ್ತ ಪ್ರಕಟಣೆಗೆ 9,500 ಯೂರೊ ಶುಲ್ಕ ನಿಗದಿಪಡಿಸಿತು. ಅನೇಕ ದೇಶಗಳ ಸಂಶೋಧಕರಿಗೆ ಇಷ್ಟು ಮೊತ್ತ ಕೈಗೆಟುಕದು.

ಸಾರ್ವಜನಿಕ ವೇದಿಕೆಗಳು ಬೇರೆ ದಾರಿಗಳನ್ನು ಹುಡುಕಿಕೊಂಡಿವೆ. ಸೈಯೆಲೊ ಬ್ರೆಜಿಲಿಗೆ ಮುಖ್ಯವಾಗಿ ಸರ್ಕಾರಿ ಸಂಶೋಧನಾ ನಿಧಿಯ ಆಸರೆಯಿದೆ. ರೆಡಾಲಿಕ್ ಅನ್ನು ವಿಶ್ವವಿದ್ಯಾಲಯ ಪೋಷಿಸುತ್ತದೆ. ಓಪನ್‌ಎಡಿಷನ್ ಲೇಖನವನ್ನು ತೆರೆಯಲ್ಲಿ ಉಚಿತವಾಗಿ ಓದಲು ಬಿಟ್ಟು, ಇಳಿಸಿಕೊಳ್ಳುವ ರೂಪಗಳು ಮತ್ತು ಹೆಚ್ಚುವರಿ ಸೇವೆಗಳಿಗಾಗಿ ಗ್ರಂಥಾಲಯಗಳಿಂದ ಹಣ ಪಡೆಯುವ ಮಾದರಿಯನ್ನು ರೂಢಿಸಿತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನಲ್ಲಿ ವಜ್ರ ಮಾರ್ಗದ ನಿಯತಕಾಲಿಕೆಗಳು 17,000ದಿಂದ 29,000ದವರೆಗೆ ಇರಬಹುದು ಎಂದು ಅಂದಾಜಿಸಿತು. ಅವುಗಳಲ್ಲಿ ಬಹುಪಾಲು ಚಿಕ್ಕವು, ಸ್ವಯಂಸೇವಕರ ದುಡಿಮೆಯನ್ನು ನೆಚ್ಚಿಕೊಂಡವು. ಸಾಮಾನ್ಯ ಸೌಕರ್ಯವನ್ನು ಹಂಚಿಕೊಂಡಾಗ ಇಂಥ ನಿಯತಕಾಲಿಕೆಗಳ ವೆಚ್ಚ ತಗ್ಗುತ್ತದೆ. ಸಹಕಾರ ಅವುಗಳಿಗೆ ಆದರ್ಶ ಮಾತ್ರವಲ್ಲ, ಉಳಿವಿನ ಉಪಾಯವೂ ಹೌದು.

ಭಾಷೆಗಳ ಸ್ಥಾನ

ಸೈಯೆಲೊದಲ್ಲಿ ಪೋರ್ಚುಗೀಸ್, ಸ್ಪ್ಯಾನಿಷ್ ಮತ್ತು ಇಂಗ್ಲಿಷ್, ಎರುದಿಯಲ್ಲಿ ಮುಖ್ಯವಾಗಿ ಫ್ರೆಂಚ್, ಜೆ-ಸ್ಟೇಜ್‌ನಲ್ಲಿ ಜಪಾನಿ ಮತ್ತು ಇಂಗ್ಲಿಷ್ ಲೇಖನಗಳಿವೆ. ಲೇಖನ ಯಾವುದೇ ಭಾಷೆಯಲ್ಲಿದ್ದರೂ ಶೀರ್ಷಿಕೆ ಮತ್ತು ಸಾರಾಂಶವನ್ನು ಇನ್ನೊಂದು ಭಾಷೆಯಲ್ಲೂ ಕೊಡುವ ಪದ್ಧತಿಯಿಂದ ಅದು ಹೊರಗಿನ ಹುಡುಕಾಟಕ್ಕೆ ಸಿಗುತ್ತದೆ. 2019ರ ಹೆಲ್ಸಿಂಕಿ ಉಪಕ್ರಮ ಸ್ಥಳೀಯ ಭಾಷೆಗಳ ವಿದ್ವತ್ ಪ್ರಕಟಣೆಗೆ ರಕ್ಷಣೆ ಮತ್ತು ಮನ್ನಣೆ ಬೇಕೆಂದು ಕರೆ ನೀಡಿತು. ಕಾನೂನು, ಇತಿಹಾಸ, ಸಾರ್ವಜನಿಕ ಆರೋಗ್ಯ, ಕೃಷಿ ಮೊದಲಾದ ವಿಷಯಗಳಲ್ಲಿ ಜ್ಞಾನ ಅದನ್ನು ಬಳಸುವ ಜನರ ಭಾಷೆಯಲ್ಲೇ ಇರಬೇಕಾದುದು ಅಗತ್ಯ.

ಭಾರತ ಮತ್ತು ಕರ್ನಾಟಕದ ನಂಟು

ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಈ ಚಳವಳಿಯಲ್ಲಿ ಮುಂಚೂಣಿಯಲ್ಲಿತ್ತು. ಅದರ ಭೌತವಿಜ್ಞಾನ ನಿಯತಕಾಲಿಕೆ ಪ್ರಮಾಣ 1998ರ ಸುಮಾರಿಗೇ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯತೊಡಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಇ-ಪ್ರಿಂಟ್ಸ್ ಭಂಡಾರ ದೇಶದ ಮೊದಲ ಸಾಂಸ್ಥಿಕ ಭಂಡಾರಗಳಲ್ಲಿ ಒಂದು. ಅದೇ ಸಂಸ್ಥೆಯ ಆವರಣದಲ್ಲಿ 2006ರ ನವೆಂಬರಿನಲ್ಲಿ ಅಭಿವೃದ್ಧಿಶೀಲ ದೇಶಗಳ ಪ್ರತಿನಿಧಿಗಳು ಸೇರಿ, ಮುಕ್ತ ಪ್ರವೇಶಕ್ಕೆ ಒಂದು ಮಾದರಿ ರಾಷ್ಟ್ರೀಯ ನೀತಿಯನ್ನು ರೂಪಿಸಿದರು.

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಮೊದಲ ವರದಿಗಳು ಭಾರತದ ವೈದ್ಯಕೀಯ ನಿಯತಕಾಲಿಕೆಗಳಲ್ಲೇ ಬಂದವು. ಶಾಗಸ್ ರೋಗದ ಕಥೆಗೆ ಇದು ಕರ್ನಾಟಕದ ಸಮಾನಾಂತರ. ಕನ್ನಡದಲ್ಲಿಯೂ 1916ರಲ್ಲಿ ಆರಂಭವಾದ ಪರಿಷತ್ಪತ್ರಿಕೆ ಮತ್ತು 1919ರ ಪ್ರಬುದ್ಧ ಕರ್ನಾಟಕದಿಂದ ಮೊದಲಾಗುವ ವಿದ್ವತ್ ಪತ್ರಿಕೆಗಳ ಪರಂಪರೆಯಿದೆ. ಮೇಲೆ ಹೇಳಿದ ತಂತ್ರಾಂಶವೂ ಮಾನದಂಡಗಳೂ ಯುನಿಕೋಡ್ ಲಿಪಿಗಳಿಗೆ ಹೊಂದುವುದರಿಂದ ಕನ್ನಡದ ವಿದ್ವತ್ ಲೇಖನಕ್ಕೂ ಶಾಶ್ವತ ಗುರುತು, ಇಂಗ್ಲಿಷ್ ಸಾರಾಂಶ ಮತ್ತು ಜಾಗತಿಕ ಸೂಚಿಯಲ್ಲಿ ಸ್ಥಾನ ಕಲ್ಪಿಸಲು ತಾಂತ್ರಿಕ ಅಡ್ಡಿಯಿಲ್ಲ.

ಬಳಕೆ ಮತ್ತು ಎಚ್ಚರ

ಈ ವೇದಿಕೆಗಳನ್ನು ವಿದ್ಯಾರ್ಥಿಗಳು, ಅಧ್ಯಾಪಕರು, ವೈದ್ಯರು, ಪತ್ರಕರ್ತರು ಮತ್ತು ಆಡಳಿತಗಾರರು ಬಳಸುತ್ತಾರೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಸೈಯೆಲೊ ಮತ್ತು ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್ ಜೊತೆಗೂಡಿ ವಿಮರ್ಶೆಗೆ ಮುನ್ನವೇ ಹಸ್ತಪ್ರತಿಗಳನ್ನು ಹಂಚುವ ಸೇವೆಯನ್ನು ತೆರೆದವು. ತುರ್ತು ಸಂದರ್ಭದಲ್ಲಿ ಸಹಕಾರ ಎಷ್ಟು ಬೇಗ ಫಲ ಕೊಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಮುಕ್ತ ಪ್ರವೇಶದ ಹೆಸರಿನಲ್ಲಿ ಹಣ ಪಡೆದು, ಸರಿಯಾದ ವಿಮರ್ಶೆಯಿಲ್ಲದೆ ಲೇಖನ ಪ್ರಕಟಿಸುವ ವಂಚಕ ನಿಯತಕಾಲಿಕೆಗಳೂ ಇವೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಆರಂಭವಾದ ಡಿಒಎಜೆ ಸೂಚಿ ಮುಕ್ತ ನಿಯತಕಾಲಿಕೆಗಳನ್ನು ಪರಿಶೀಲಿಸಿಯೇ ಪಟ್ಟಿಗೆ ಸೇರಿಸುತ್ತದೆ. ಲೇಖನವನ್ನು ನಂಬುವ ಮುನ್ನ ಅದು ಪ್ರಕಟವಾದ ನಿಯತಕಾಲಿಕೆ ಈ ಸೂಚಿಯಲ್ಲಿ ಅಥವಾ ಹೆಸರಾಂತ ಪ್ರಾದೇಶಿಕ ವೇದಿಕೆಯಲ್ಲಿ ಇದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಸ್ಥಿರವಾದ ಹಣಕಾಸು ಮತ್ತು ಮೌಲ್ಯಮಾಪನದ ಪದ್ಧತಿ ಮುಂದಿರುವ ಎರಡು ಮುಖ್ಯ ಸವಾಲುಗಳು. ಸಂಶೋಧಕರ ಬಡ್ತಿ ಕೆಲವೇ ವಾಣಿಜ್ಯ ಸೂಚಿಗಳನ್ನು ಅವಲಂಬಿಸಿರುವವರೆಗೆ ಉತ್ತಮ ಪ್ರಾದೇಶಿಕ ನಿಯತಕಾಲಿಕೆಗೂ ಉತ್ತಮ ಲೇಖನಗಳ ಕೊರತೆ ಕಾಡುತ್ತದೆ. ಈ ಪದ್ಧತಿಯನ್ನು ಬದಲಿಸುವ ಅಧಿಕಾರ ವೇದಿಕೆಗಳಿಗಿಲ್ಲ. ಅದು ವಿಶ್ವವಿದ್ಯಾಲಯಗಳಿಗೆ ಮತ್ತು ಸರ್ಕಾರಗಳಿಗೆ ಸೇರಿದೆ. ಎಲ್ಲ ದೇಶಗಳ ಓದುಗರಿಗೂ ಲೇಖಕರಿಗೂ ಸಮಾನ ಸ್ಥಾನ ದೊರೆಯಲು ಬೇಕಾದ ಸಾಧನಗಳನ್ನು ವೇದಿಕೆಗಳು ಒಟ್ಟುಗೂಡಿ ಸಿದ್ಧಪಡಿಸಿವೆ. ಅವುಗಳಲ್ಲಿ ಪ್ರಕಟವಾದ ಕೃತಿಯನ್ನು ಅದರ ಗುಣದಿಂದ ಅಳೆಯುವ ನಿರ್ಧಾರವನ್ನು ಸಂಸ್ಥೆಗಳು ಕೈಗೊಂಡಾಗ ಈ ಸಹಕಾರದ ಉದ್ದೇಶ ಪೂರ್ಣವಾಗುತ್ತದೆ.